ಕಿವುಡರ ನಡುವೆ ಸಭಾಪಾಲನೆ

(ಪಾಠಭಾಗ: ಮಾರ್ಕನ ಸುವಾರ್ತೆ 7ನೆಯ ಅಧ್ಯಾಯ, 31ರಿಂದ 37ನೆಯ ವಚನಗಳು)

ಈ ಪಾಠವನ್ನು ಓದುವದಕ್ಕೆ ಮುಂಚೆ ವೇದಪುಸ್ತಕವನ್ನು ತೆರೆದು, ಮೇಲೆ ಹೇಳಿದ ಏಳು ವಚನಗಳನ್ನು ನಿಧಾನವಾಗಿ ಓದಿಕೊಳ್ಳಿರಿ. ಕಿವುಡನಿಗೆ ಕಿವಿ ಕೇಳಿಸಿತು, ನಾಲಿಗೆಯ ಕಟ್ಟು ಬಿಚ್ಚಿತು ಎಂಬ ಕಡೆಯ ಸಂಗತಿಗೆ ನಾವು ಬೇಗನೆ ಓಡಿಹೋಗುವ ವಾಡಿಕೆಯುಳ್ಳವರು. ಆದರೆ ಅದಕ್ಕೆ ಮುಂಚೆ ಮಾರ್ಕನು ಬರೆದಿಟ್ಟಿರುವದರಲ್ಲಿಯೇ ಸಭಾಪಾಲಕನೂ ಉಪದೇಶಿಯೂ ಕಲಿಯತಕ್ಕದ್ದು ಬಹಳವಿದೆ.

ಕರ್ತನು ದೆಕಪೊಲಿಯ ಸೀಮೆಗೆ ಬಂದಾಗ ಜನರು ಆ ಕಿವುಡನನ್ನು ಕರಕೊಂಡು ಬಂದು, ಅವನ ಮೇಲೆ ಕೈಯಿಡಬೇಕೆಂದು ಬೇಡಿಕೊಂಡರು. ಬೇಡಿಕೊಂಡವರು ಜನರೇ ಹೊರತು ಆ ಮನುಷ್ಯನಲ್ಲ. ಅವನ ಮನಸ್ಸಿನಲ್ಲಿ ಏನಿತ್ತೆಂದು ಯಾರಾದರೂ ವಿಚಾರಿಸಿದ ಹಾಗೆ ಕಾಣುವದಿಲ್ಲ. ಕರ್ತನಾದರೋ ಮೊದಲು ಅವನನ್ನು ಗುಂಪಿನಿಂದ ಒಂದು ಕಡೆಗೆ ಕರಕೊಂಡು ಹೋದನು. ಹತ್ತು ಬಾಯಿಗಳು ಒಂದೇ ಸಮನೆ ಆಡುತ್ತಿರುವ ಸ್ಥಳವು ಕಿವುಡನಿಗೆ ಎಷ್ಟು ಕಷ್ಟವೆಂಬದು ಕಿವುಡರ ಮನೆಯವರಿಗೆ ಗೊತ್ತು. ಆ ಮೇಲೆ ಕರ್ತನು ಅವನ ಕಿವಿಗಳಲ್ಲಿ ಬೆರಳಿಟ್ಟನು, ಉಗುಳಿ ಅವನ ನಾಲಿಗೆಯನ್ನು ಮುಟ್ಟಿದನು, ಕಣ್ಣುಗಳನ್ನು ಆಕಾಶಕ್ಕೆ ಎತ್ತಿ ನಿಟ್ಟುಸಿರು ಬಿಟ್ಟನು. ಇವೆಲ್ಲವೂ ಕಣ್ಣಿಗೆ ಕಾಣುವ, ಮೈಗೆ ತಾಕುವ ಮಾತುಗಳು. ನಿನ್ನ ಕಿವಿಯ ಸಂಗತಿಯನ್ನು ಬಲ್ಲೆನು, ನಿನ್ನ ನಾಲಿಗೆಯ ಸಂಗತಿಯನ್ನು ಬಲ್ಲೆನು, ಸಹಾಯವು ಮೇಲಣಿಂದ ಬರುವದು, ನಿನ್ನ ದುಃಖವು ನನ್ನದೂ ಹೌದು ಎಂಬಷ್ಟೂ ಆ ಸನ್ನೆಗಳಲ್ಲಿ ಅಡಗಿದೆ. ಎಪ್ಫಥಾ ಎಂಬ ಶಬ್ದವು ಬಂದದ್ದು ಇದೆಲ್ಲಾ ಆದ ಮೇಲೆ. ಆ ಮನುಷ್ಯನು ಕರ್ತನ ಶಬ್ದವನ್ನು ಕೇಳುವದಕ್ಕಿಂತ ಮುಂಚೆಯೇ ಕರ್ತನನ್ನು ತಿಳುಕೊಂಡನು.

ಇದನ್ನು ನಾನು ದೈವಜ್ಞಾನ ಶಾಲೆಯಲ್ಲಿ ಕಲಿಯಲಿಲ್ಲ. ಒಂದು ಮರಣದ ಮನೆಯಲ್ಲಿ ನಾಚಿಕೆಪಟ್ಟು ಕಲಿತೆನು. ನಮ್ಮ ಸಭೆಯಲ್ಲಿ ಹುಟ್ಟುಕಿವುಡನಾದ ಒಬ್ಬ ಯೌವನಸ್ಥನಿದ್ದಾನೆ. ಕೆಲವು ವರುಷ ಕಿವುಡರ ಶಾಲೆಯಲ್ಲಿ ಕಲಿತು ಬಂದು ಈಗ ಹೊಲಿಗೆಯ ಕೆಲಸ ಮಾಡುತ್ತಾನೆ. ಅವನ ತಾಯಿಯು ತಿಂಗಳುಗಟ್ಟಲೆ ಕಾಯಿಲೆ ಬಿದ್ದಿದ್ದಳು. ದಿನಾಲು ಸಂಜೆ ಅವನು ಕೈಯಾಡಿಸಿ ಕೇಳುತ್ತಿದ್ದನು. ಮನೆಯವರು, ಏನೂ ಇಲ್ಲ, ಎಂದು ಕೈಬೀಸುತ್ತಿದ್ದರು. ನಾನು ವಾರಕ್ಕೊಂದಾವರ್ತಿ ಹೋಗಿ, ಕಣ್ಣು ಮುಚ್ಚಿ ಪ್ರಾರ್ಥಿಸಿ, ಎದ್ದು ಬರುತ್ತಿದ್ದೆನು. ಅವಳು ತೀರಿಹೋದ ದಿನ ಅವನು ಅಂಗಡಿಯಿಂದ ಬಂದು ಬಾಗಿಲಲ್ಲಿ ಕೂಡಿದ್ದ ಜನರನ್ನು ನೋಡಿಯೇ ಸಂಗತಿಯನ್ನು ತಿಳಿಯಬೇಕಾಯಿತು. ಸಮಾಧಿಯ ಬಳಿಯಲ್ಲಿ ನಾನು ಪುನರುತ್ಥಾನವನ್ನು ಕುರಿತು ಪ್ರಸಂಗ ಮಾಡುತ್ತಿರುವಾಗ ಅವನು ಎದುರಿಗೆ ನಿಂತು ನನ್ನ ಬಾಯನ್ನೇ ನೋಡುತ್ತಿದ್ದನು.

ಮೂರನೆಯ ದಿನ ನಮ್ಮ ಮನೆಗೆ ಬಂದು, ಲೆಕ್ಕದ ಪುಸ್ತಕದ ಹಾಳೆಯಲ್ಲಿ ಬರೆದು ತೋರಿಸಿದನು: "ಅಯ್ಯನವರೇ, ಅಮ್ಮ ಮಣ್ಣು ದಿನ ನೀವು ಬಹಳ ಮಾತು. ಏನು?"

ನಾನು ಸ್ವಲ್ಪ ಯೋಚಿಸಿ, "ನಿನ್ನ ತಾಯಿ ಕರ್ತನ ಬಳಿಯಲ್ಲಿದ್ದಾಳೆ ಎಂದು ಹೇಳಿದೆನು," ಎಂದು ಬರೆದೆನು.

ಅವನು ಅದನ್ನು ಎರಡಾವರ್ತಿ ಓದಿ, ಕೆಳಗೆ ಬರೆದನು: "ಅಷ್ಟೇಯಾ? ಅರ್ಧ ಗಂಟೆ."

ಅವನು ಪರಿಹಾಸ್ಯಕ್ಕಾಗಿ ಬರೆದದ್ದಲ್ಲ. ಉಳಿದದ್ದನ್ನು ತನಗೆ ಕೊಡಲಿಲ್ಲವೆಂದು ಕೇಳಿದನು. ಆ ಅರ್ಧ ಗಂಟೆಯ ಮಾತು ಊರಿನವರಿಗೆಲ್ಲಾ ಸಿಕ್ಕಿತು. ಮಗನಿಗೆ ಮಾತ್ರ ಸಿಕ್ಕಲಿಲ್ಲ.

ಇಂಥ ಸಂಗತಿಗೆ ನಮ್ಮವರು ಕೊಡುವ ಒಂದು ನೆವವುಂಟು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದ 17ನೆಯ ವಚನದಲ್ಲಿ ನಂಬಿಕೆಯು ಕೇಳುವದರಿಂದ ಉಂಟಾಗುತ್ತದೆಂದು ಕಲಿಸುತ್ತಾನಲ್ಲಾ, ಹಾಗಾದರೆ ಕೇಳಲಾರದವನಿಗೆ ಏನು ಮಾಡಲಾದೀತು, ಎಂಬದೇ ಅದು. ಇದು ಅವಸರದ ಓದು. ಮುಂದಿನ 18ನೆಯ ವಚನದಲ್ಲಿ ಪೌಲನು ಅದೇ ವಾದವನ್ನು ಬಲಪಡಿಸುವದಕ್ಕೆ 19ನೆಯ ಕೀರ್ತನೆಯ ಮಾತನ್ನು ಎತ್ತಿಕೊಳ್ಳುತ್ತಾನೆ. ಆ ಕೀರ್ತನೆಯಲ್ಲಿ ಸಾರುವವರು ಯಾರು? ಆಕಾಶವೂ ಹಗಲೂ ಇರುಳೂ. ಅವುಗಳಿಗೆ ಶಬ್ದವಿಲ್ಲ, ಸ್ವರವಿಲ್ಲ, ಆದರೂ ಅವುಗಳ ವರ್ತಮಾನವು ಭೂಮಿಯ ಕಟ್ಟಕಡೆಗೆ ಮುಟ್ಟಿತೆಂದು ಕೀರ್ತನೆಗಾರನು ಹಾಡುತ್ತಾನೆ. ಸುವಾರ್ತೆಯು ಕಿವಿಯ ದಾರಿಯಿಂದಲೇ ಬರಬೇಕೆಂಬದು ಪೌಲನ ಅಭಿಪ್ರಾಯವಲ್ಲ. ಯಾರಾದರೂ ಅದನ್ನು ತಂದು ಮುಟ್ಟಿಸಬೇಕೆಂಬದೇ ಅವನ ಅಭಿಪ್ರಾಯ. ಲೂಕನ ಸುವಾರ್ತೆಯ 1ನೆಯ ಅಧ್ಯಾಯದಲ್ಲಿಯೂ ಮಗುವಿನ ಹೆಸರನ್ನು ಕುರಿತು ಜಕರೀಯನನ್ನು ಕೇಳಬೇಕಾದಾಗ ನೆಂಟರು ಸನ್ನೆಯಿಂದಲೇ ಕೇಳಿದರು, ಅವನು ಹಲಗೆಯ ಮೇಲೆ ಬರೆದು ಉತ್ತರ ಕೊಟ್ಟನು.

ಹೀಗೆ ಮುಟ್ಟಿಸುವ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಟ್ಟವರು ಸಭೆಯ ಚರಿತ್ರೆಯಲ್ಲಿ ಇದ್ದಾರೆ. 1760ರ ಸುಮಾರಿಗೆ ಪ್ಯಾರಿಸ್ ಪಟ್ಟಣದಲ್ಲಿ ಲೆಪೇ ಎಂಬ ಪಾದ್ರಿಯು ಕಿವುಡರಾದ ಇಬ್ಬರು ಅಕ್ಕತಂಗಿಯರನ್ನು ಕಂಡು, ಇವರು ದೇವರನ್ನರಿಯದೆ ಸಾಯಬಾರದೆಂದು ಅವರ ಕೈಸನ್ನೆಯನ್ನು ಕಲಿತು, ಅದರಿಂದಲೇ ಬೋಧಿಸಿದನು. ಆದರೆ ನಮ್ಮ ಪಾಠಕ್ಕೆ ಹೆಚ್ಚು ಹತ್ತಿರವಾದದ್ದು ಅಮೇರಿಕದ ಥಾಮಸ್ ಗ್ಯಾಲೊಡೆಟ್ ಪಾದ್ರಿಯವರ (1822-1902) ಸಂಗತಿ. ಇವರ ತಂದೆಯು 1817ರಲ್ಲಿ ಲೊರಾಂ ಕ್ಲೆರ್ ಎಂಬ ಫ್ರೆಂಚ್ ದೇಶದ ಕಿವುಡ ಉಪಾಧ್ಯಾಯನ ಜೊತೆಯಲ್ಲಿ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಕಿವುಡರ ಶಾಲೆಯನ್ನು ತೆರೆದವರು. ತಾಯಿಯು ಕಿವುಡಳು, ಆದಕಾರಣ ಕೈಭಾಷೆಯು ಇವರಿಗೆ ಮನೆಮಾತೇ ಆಗಿತ್ತು. ಇವರು 1850ರಲ್ಲಿ ಸಭಾಸೇವಕರಾಗಿ ಅಭಿಷೇಕ ಹೊಂದಿ, ನ್ಯೂಯಾರ್ಕಿನಲ್ಲಿ ಕಿವುಡರಿಗಾಗಿ ವೇದಪಾಠದ ತರಗತಿಯನ್ನು ನಡಿಸಿ, 1852ರಲ್ಲಿ ಸಂತ ಅನ್ನಮ್ಮನ ಹೆಸರಿನಿಂದ ಕಿವುಡರ ಸಭೆಯನ್ನು ಸ್ಥಾಪಿಸಿದರು. ಆ ಸಭೆಗೆ ಸ್ವಂತ ದೇವಾಲಯ ದೊರೆಯುವದಕ್ಕೆ 1859ರ ವರೆಗೆ ಕಾಯಬೇಕಾಯಿತು.

ಇವರ ಕೆಲಸದ ಶ್ರೇಷ್ಠವಾದ ಫಲವು ಕಟ್ಟಡವಲ್ಲ, ಒಬ್ಬ ಮನುಷ್ಯನು. ಹೆನ್ರಿ ವಿಂಟರ್ ಸೈಲ್ ಎಂಬವರು 1846ರಲ್ಲಿ ಚೀನ ದೇಶದ ಶಾಂಘೈಯಲ್ಲಿ ಮಿಶನೆರಿಯ ಮಗನಾಗಿ ಹುಟ್ಟಿ, ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಕಿವಿಯನ್ನು ಕಳಕೊಂಡರು. ಗ್ಯಾಲೊಡೆಟ್‌ರವರು ಅವರನ್ನು ಸಭಾಪಾಲನೆಗೆ ಪ್ರೋತ್ಸಾಹಿಸಿದಾಗ, ಒಂದು ಇಂದ್ರಿಯವಿಲ್ಲದವನಿಗೆ ಅಭಿಷೇಕ ಸಲ್ಲದು ಎಂದು ಅನೇಕರು ಅಡ್ಡಿಮಾಡಿದರು. ಪೆನ್ಸಿಲ್ವೇನಿಯದ ಬಿಷಪರಾದ ಸ್ಟೀವನ್ಸರು ಆ ಅಡ್ಡಿಯನ್ನು ಲಕ್ಷಿಸದೆ 1876ರಲ್ಲಿ ಅವರಿಗೆ ಸಭಾಸೇವಕನ ಅಭಿಷೇಕವನ್ನೂ ಅನುಗ್ರಹಿಸಿದರು. 1883ರಲ್ಲಿ ಅವರು ಪಾದ್ರಿಯೂ ಆದರು. ಎಪಿಸ್ಕೋಪಲ್ ಸಭೆಯಲ್ಲಿ ಅಭಿಷೇಕ ಹೊಂದಿದ ಮೊದಲನೆಯ ಕಿವುಡರು ಇವರೇ. 1888ರಲ್ಲಿ ಫಿಲಡೆಲ್ಫಿಯದಲ್ಲಿ ಕಿವುಡರಿಗೋಸ್ಕರವೇ ದೇವಾಲಯವನ್ನು ಕಟ್ಟಿಸಿ, 1890ರಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ರೋಮನ್ ಕಥೋಲಿಕ ಸಭೆಯು ಕೇರಳದಲ್ಲಿ ಒಬ್ಬ ಕಿವುಡ ಸಹೋದರರನ್ನು ಪಾದ್ರಿಯಾಗಿ ಅಭಿಷೇಕಿಸಿದ್ದು 2024ರಲ್ಲಿ. ಕಿವುಡರನ್ನು ಕುರಿಗಳೆಂದೆಣಿಸುವದು ನಮಗೆ ಸುಲಭ. ಕುರುಬರೆಂದೆಣಿಸುವದಕ್ಕೆ ನಾವು ಇನ್ನೂ ಹಿಂಜರಿಯುತ್ತೇವೆ.

ಕೈಭಾಷೆಗೂ ಕಷ್ಟದ ಕಾಲವಿತ್ತು. 1880ರಲ್ಲಿ ಮಿಲಾನ್ ಪಟ್ಟಣದಲ್ಲಿ ಕೂಡಿದ ಉಪಾಧ್ಯಾಯರ ಸಮ್ಮೇಳನವು, ಕಿವುಡ ಮಕ್ಕಳಿಗೆ ಬಾಯಿಮಾತನ್ನೇ ಕಲಿಸಬೇಕು, ಸನ್ನೆ ಬೇಡ, ಎಂದು ತೀರ್ಮಾನಿಸಿತು. ಬಹಳ ಶಾಲೆಗಳಲ್ಲಿ ಸನ್ನೆಗೆ ತಡೆಯಾಯಿತು. 2010ರಲ್ಲಿ ವ್ಯಾಂಕೂವರಿನ ಸಮ್ಮೇಳನವು ಅದಕ್ಕಾಗಿ ವ್ಯಸನಪಟ್ಟಿತು. ನಮ್ಮ ದೇಶದಲ್ಲಿ ಮೊದಲನೆಯ ಕಿವುಡರ ಶಾಲೆಗಳಲ್ಲಿ ಕೆಲವು ಸಭೆಯಿಂದಲೇ ಹುಟ್ಟಿದವು. ಬೊಂಬಾಯಿಯ ಶಾಲೆಯನ್ನು 1885ರಲ್ಲಿ ಕಥೋಲಿಕ ಬಿಷಪರು ತೆರೆದರು; ತಿರುನೆಲ್ವೇಲಿ ಸೀಮೆಯ ಪಾಳೆಯಂಕೋಟೆಯಲ್ಲಿ 1890ರ ದಶಕದಲ್ಲಿ ಫ್ಲಾರೆನ್ಸ್ ಸ್ವೈನ್ಸನ್ ಎಂಬ ಮಿಶನೆರಿ ಅಮ್ಮನವರು ಆರಂಭಿಸಿದರು. ಭಾರತೀಯ ಸನ್ನೆ ಭಾಷೆಗೆ 2018ರಲ್ಲಿ ಕೇಂದ್ರ ಸರಕಾರದ ಸಂಸ್ಥೆಯು ಮೂರು ಸಾವಿರ ಪದಗಳ ನಿಘಂಟನ್ನು ಹೊರಡಿಸಿತು. 2021ರಲ್ಲಿ ಅದು ಹತ್ತು ಸಾವಿರಕ್ಕೆ ಬೆಳೆಯಿತು. ಅದನ್ನು ಮೊಬೈಲಿನಲ್ಲಿ ನೋಡಿ ಕಲಿಯಬಹುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟು ಜನರು ಕಿವಿಯ ನ್ಯೂನತೆಯುಳ್ಳವರಾಗಿದ್ದರು. ಹಾಗಾದರೆ ನಮ್ಮ ಸಭೆಗಳ ಹಿಂದಿನ ಬೆಂಚುಗಳಲ್ಲಿ ಅವರು ಇಲ್ಲವೆಂದು ಹೇಳುವದು ಹೇಗೆ?

ಬರೆದು ತೋರಿಸಿದರೆ ಸಾಲದೇ ಎಂದು ಕೆಲವರು ಕೇಳುವರು. ಬರಹವು ಸಹಾಯವೇ, ಆದರೆ ಹುಟ್ಟುಕಿವುಡನಿಗೆ ಕನ್ನಡವು ಕಿವಿಯಲ್ಲಿ ಎಂದೂ ಬೀಳದ ಭಾಷೆ. ನಮಗೆ ಹೀಬ್ರೂ ಹೇಗೋ ಅವನಿಗೆ ನಮ್ಮ ಸತ್ಯವೇದದ ಉದ್ದ ವಾಕ್ಯಗಳು ಹಾಗೆ. ಇದನ್ನರಿತೇ ಅಮೇರಿಕದ ಕಿವುಡರು ಸತ್ಯವೇದವನ್ನೆಲ್ಲಾ ತಮ್ಮ ಸನ್ನೆ ಭಾಷೆಗೆ ತಿರುಗಿಸಿ, ಚಲಿಸುವ ಚಿತ್ರಗಳಲ್ಲಿ 2020ರಲ್ಲಿ ಮುಗಿಸಿದರು. ತುಟಿಯನ್ನು ನೋಡಿ ತಿಳಿಯಲಿ ಎಂಬದೂ ಅಷ್ಟು ಸುಲಭವಲ್ಲ. ಕನ್ನಡಿಯ ಮುಂದೆ ನಿಂತು, ಧ್ವನಿಯಿಲ್ಲದೆ, ಪಾಪ ಎಂದೂ ಮಾಮ ಎಂದೂ ಹೇಳಿ ನೋಡಿರಿ. ತುಟಿಗಳು ಎರಡಕ್ಕೂ ಒಂದೇ ರೀತಿ ಆಡುವವು. ಪಾಪವನ್ನು ಬಿಡಿರೆಂದು ನಾನು ಗಟ್ಟಿಯಾಗಿ ಪ್ರಸಂಗಿಸಿದಾಗ ಆ ಯೌವನಸ್ಥನಿಗೆ ಏನು ಕಂಡಿರಬಹುದೋ!

ಆದಕಾರಣ ಉಪದೇಶಿಗಳಾದ ನನ್ನ ಸಹೋದರರಿಗೆ ಕೆಲವು ಮಾತು. ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿರಿ. ಬೆಳಕು ಹಿಂದಿದ್ದರೆ ಮುಖವು ಕತ್ತಲಾಗುವದು. ರಾತ್ರಿ ಭೇಟಿಗೆ ಹೋಗುವಾಗ ಬ್ಯಾಟರಿ ದೀಪ ಇರಲಿ, ಯಾಕಂದರೆ ಕರೆಂಟು ಹೋದರೆ ಅವನೊಂದಿಗೆ ಮಾತೇ ನಿಂತುಹೋಗುವದು. ಪ್ರಾರ್ಥಿಸುವಾಗ ಕಣ್ಣು ಮುಚ್ಚಬೇಕೆಂದು ಅವನನ್ನು ಒತ್ತಾಯಿಸಬಾರದು. ಮುಚ್ಚಿದರೆ ಅವನು ನಿಮ್ಮ ಪ್ರಾರ್ಥನೆಯ ಹೊರಗೆ ಹೋದಂತಾಯಿತು. ಮದುವೆಯಲ್ಲಿ ಕಿವುಡ ವಧೂವರರ ಪರವಾಗಿ ಅಣ್ಣನೋ ಅತ್ತೆಯೋ ತಲೆಯಾಡಿಸಿದರೆ ಅದನ್ನು ಸಮ್ಮತಿಯೆಂದು ಎಣಿಸಕೂಡದು. ಪ್ರಶ್ನೆಯನ್ನು ಅವರಿಗೇ ತಿಳಿಯುವಂತೆ ಕೇಳಿ, ಅವರ ಕೈಯಿಂದಲೇ ಉತ್ತರ ಪಡೆಯಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪಾಪದ ಅರಿಕೆ. ಮಗನು ತನ್ನ ಮನಸ್ಸಿನ ಭಾರವನ್ನು ಹೇಳುವಾಗ ಮನೆಯವರನ್ನು ದುಭಾಷಿಗಳಾಗಿ ಕೂಡ್ರಿಸಿದರೆ ಅವನು ಹೇಳತಕ್ಕದ್ದನ್ನು ಹೇಳಲಾರನು. ಮನೆಗೆ ಹೊರಗಿನವರೂ ಗುಟ್ಟನ್ನು ಕಾಪಾಡುವವರೂ ಬೇಕು. ಉತ್ತಮವಾದದ್ದಂದರೆ ನೀವೇ ಕಲಿಯುವದು.

ಮತ್ತೊಂದು ಮಾತನ್ನು ಹೇಳದೆ ಬಿಡಲಾರೆನು. ಮಾರ್ಕನ ಈ ಭಾಗವನ್ನೇ ಹಿಡಿದು ಕಿವುಡ ಮಕ್ಕಳನ್ನು ಕೂಟದಿಂದ ಕೂಟಕ್ಕೆ ಎಳೆದೊಯ್ದು, ವೇದಿಕೆಯ ಮೇಲೆ ನಿಲ್ಲಿಸಿ, ಕಿವಿ ಕೇಳಿಸದಿದ್ದಾಗ ನಂಬಿಕೆ ಸಾಲದೆಂದು ಹೇಳಿ ಕಳುಹಿಸುವದುಂಟು. ಕರ್ತನು ಆ ಮನುಷ್ಯನನ್ನು ಗುಂಪಿನ ಮುಂದೆ ನಿಲ್ಲಿಸಲಿಲ್ಲ, ಗುಂಪಿನಿಂದ ಆಚೆಗೆ ಕರಕೊಂಡು ಹೋದನು. ಅವನ ನಂಬಿಕೆಯನ್ನು ಕುರಿತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಮ್ಮ ಯೌವನಸ್ಥನು ಈಗ ಗುರುವಾರ ಸಂಜೆ ಅಂಗಡಿ ಮುಚ್ಚಿ ನಮ್ಮ ಮನೆಗೆ ಬರುತ್ತಾನೆ. ನಾನು ಅವನಿಗೆ ಪಾಠ ಹೇಳುವದು ಸ್ವಲ್ಪ, ಅವನಿಂದ ಕಲಿಯುವದು ಹೆಚ್ಚು. ನಾಲ್ವತ್ತು ದಾಟುತ್ತಿರುವ ನನ್ನ ಬೆರಳುಗಳು ಬೇಗ ಬಾಗುವದಿಲ್ಲ, ಅವನಿಗೆ ನಗು ಬರುತ್ತದೆ. ಸಮಾಧಿಯ ಪ್ರಸಂಗವನ್ನು ಮೊದಲಿನಿಂದ ಕಡೆಯ ವರೆಗೆ ಅವನಿಗೆ ಕೈಯಲ್ಲಿ ಹೇಳಿ ಮುಗಿಸುವದಕ್ಕೆ ನನಗೆ ಆರು ಗುರುವಾರಗಳು ಹಿಡಿದವು. ಅನೇಕ ದೇಶಗಳ ಕಿವುಡರು ಯೇಸುವಿನ ಹೆಸರನ್ನು ಹೇಳುವಾಗ ಒಂದು ಕೈಯ ನಡುಬೆರಳನ್ನು ಇನ್ನೊಂದು ಅಂಗೈಗೆ ತಾಗಿಸಿ, ಆ ಮೇಲೆ ಕೈಬದಲಿಸಿ ಹಾಗೆಯೇ ಮಾಡುತ್ತಾರೆ. ಮೊಳೆಗಳ ಗುರುತು ಅದು. ನಾನು ಅವಸರದಲ್ಲಿ ಒಂದೇ ಅಂಗೈಯನ್ನು ಮುಟ್ಟಿ ಮುಂದೆ ಹೋದೆನು. ಅವನು ನನ್ನ ಕೈಹಿಡಿದು ನಿಲ್ಲಿಸಿ, ಎರಡನೆಯದನ್ನೂ ತೋರಿಸೆಂದನು.