ಮೀಟರ್ ತೋರಿಸದ ಬಿಸಿ

ದಾವಣಗೆರೆ ಸೀಮೆಯಲ್ಲಿ ಮುಂಗಾರಿನ ಮೆಕ್ಕೆಜೋಳ ಮಾರುಕಟ್ಟೆಗೆ ಬರತೊಡಗಿದರೆ ಕೋಳಿ ಆಹಾರದ ಗಿರಣಿಗಳಿಗೆ ಬಿಡುವಿರುವುದಿಲ್ಲ. ಹರಿಹರದ ಹತ್ತಿರ ಅಂಥದೊಂದು ಗಿರಣಿಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸ ನನ್ನದು. ಕಾಳಿನ ತೇವ, ಬೂಷ್ಟು ಎಲ್ಲರ ಕಣ್ಣಿಗೂ ಬೀಳುತ್ತವೆ. ಫೈಟೇಸ್ ಹಾಳಾದರೆ ಯಾರಿಗೂ ಕಾಣುವುದಿಲ್ಲ.

ಮೆಕ್ಕೆಜೋಳ, ಸೋಯಾ ಹಿಂಡಿಯಲ್ಲಿರುವ ರಂಜಕದ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ರೂಪದಲ್ಲಿ ಕಟ್ಟಿಬಿದ್ದಿರುತ್ತದೆ; ಕೋಳಿಗೆ ಅದು ಅಷ್ಟಾಗಿ ದಕ್ಕದು. ಅದನ್ನು ಬಿಡಿಸಿಕೊಡುವ ಕಿಣ್ವ ಫೈಟೇಸ್. 1991ರಲ್ಲಿ ಅದು ಮಾರಾಟಕ್ಕೆ ಬಂದ ಮೇಲೆ, ರಂಜಕಕ್ಕಾಗಿ ಆಹಾರಕ್ಕೆ ಸೇರಿಸುವ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ತಗ್ಗಿಸುವುದು ಸಾಧ್ಯವಾಯಿತು. ಡಿಸಿಪಿಯೂ ಕಡಿಮೆ, ಕಿಣ್ವವೂ ಸತ್ತಿದೆ ಎಂದಾದರೆ ಬ್ರಾಯ್ಲರ್ ಮರಿಯ ಕಾಲಿನ ಮೂಳೆಗೆ ಬಲವೆಲ್ಲಿಂದ ಬರಬೇಕು? ಆಹಾರದ ಗುಳಿಗೆ, ಅಂದರೆ ಪೆಲೆಟ್ ಮಾತ್ರ ಹೊಳೆಯುತ್ತಲೇ ಇರುತ್ತದೆ.

ಪೆಲೆಟ್ ಒತ್ತುವ ಮುನ್ನ ಪುಡಿ ಆಹಾರಕ್ಕೆ, ಅಂದರೆ ಮ್ಯಾಶ್‌ಗೆ, ಕಂಡೀಷನರ್‌ನಲ್ಲಿ ಹಬೆ ಕೊಡುತ್ತೇವೆ; ಕಿಣ್ವ ಸಾಯುವುದು ಬಿಸಿಗೆ. ಕಿಣ್ವ ಉಳಿಯಲಿ ಎಂದು ಹಬೆ ಇಳಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಹಬೆ ಕಡಿಮೆಯಾದರೆ ಮ್ಯಾಶ್ ಒಣಕಲಾಗಿ, ಪೆಲೆಟ್ ಒತ್ತುವ ತೂತುಗಳ ಅಚ್ಚಾದ ಡೈಯೊಳಗೆ ತಿಕ್ಕಾಟ ಹೆಚ್ಚುತ್ತದೆ, ಅಲ್ಲೇ ಬಿಸಿ ಏರುತ್ತದೆ. ಸಾಲ್ಮೊನೆಲ್ಲಾ ಉಳಿಯುವ ಭಯ ಬೇರೆ. "ಮೀಟರ್ ಸರಿಯಾಗೇ ಐತಲ್ರೀ ಸಾರ್" ಎಂದು ಆಪರೇಟರ್ ಹೇಳಿದ್ದು ಸುಳ್ಳಲ್ಲ. ಆ ಮೀಟರ್ ತೋರಿಸುವುದು ಕಂಡೀಷನರ್‌ನ ಬಿಸಿಯನ್ನು. ಡೈಯಿಂದ ಆಗಷ್ಟೇ ಉದುರಿದ ಪೆಲೆಟ್ಟನ್ನು ಥರ್ಮಾಸ್ ಫ್ಲಾಸ್ಕಿಗೆ ತುಂಬಿ, ಮುಚ್ಚಳದ ತೂತಿನಿಂದ ಥರ್ಮಾಮೀಟರ್ ಇಳಿಸಿ, ಮುಳ್ಳು ನಿಲ್ಲುವವರೆಗೆ ಕಾದೆವು. ಮೀಟರ್ 80 ಡಿಗ್ರಿ ಎನ್ನುತ್ತಿದ್ದಾಗ ಫ್ಲಾಸ್ಕಿನ ಮುಳ್ಳು ಅದನ್ನು ದಾಟಿ ನಿಂತಿತ್ತು. ಅಂದಿನಿಂದ ಪ್ರತಿ ಪಾಳಿಯಲ್ಲೂ ಫ್ಲಾಸ್ಕಿನ ಲೆಕ್ಕ ಬರೆಯುತ್ತೇವೆ. ಕಂಡೀಷನರ್‌ಗೆ ಹೋಗುವ ಮುನ್ನ, ಅದರಿಂದ ಹೊರಬಂದಾಗ, ಕೂಲರ್ ದಾಟಿದ ಮೇಲೆ ಹೀಗೆ ಮೂರು ಕಡೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಕಿಣ್ವ ಎಲ್ಲಿ ಸಾಯುತ್ತಿದೆ ಎಂದು ಹೇಳುವುದು ಆ ಮೂರು ಪೊಟ್ಟಣಗಳೇ.

ಲೇಪನವಿರುವ, ಇಲ್ಲವೇ ಬಿಸಿ ತಡೆಯುವ ತಳಿಯ ಫೈಟೇಸ್ ಸಿಗುತ್ತದೆ. ಬೆಲೆ ಜಾಸ್ತಿಯಾದರೂ ಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕೂಲರ್ ಆದಮೇಲೆ ದ್ರವರೂಪದಲ್ಲಿ ಸಿಂಪಡಿಸಬಹುದು; ಆಗ ನಾಜಲ್ ಕಟ್ಟದಂತೆ, ಎಲ್ಲ ಪೆಲೆಟ್ಟಿಗೂ ಸಮನಾಗಿ ತಾಗುವಂತೆ ನೋಡಿಕೊಳ್ಳಬೇಕು.

ಮೊಟ್ಟೆಕೋಳಿಗೆ ಮ್ಯಾಶ್ ಕೊಡುವವರಿಗೆ ಹಬೆಯ ಚಿಂತೆಯಿಲ್ಲ. ಆದರೆ ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಮಾಡಿನಡಿ ಅವರೂ ಕಿಣ್ವದ ಚೀಲ ಇಡಬಾರದು. ನೀರು ಹೀರುವ ಕೋಲೀನ್ ಕ್ಲೋರೈಡ್ ಜೊತೆ ಬೆರೆಸಿ ತಿಂಗಳುಗಟ್ಟಲೆ ಇಡುವುದಂತೂ ಬೇಡವೇ ಬೇಡ.