ಗರಿಗರಿ ಮೀನು, ಮೆತ್ತನೆಯ ಟಾಕೊ

ಪ್ರಶ್ನೆ: ಬೆಂಗಳೂರಿನಲ್ಲಿ ಮಗನ ಜೊತೆ ಮೀನಿನ ಟಾಕೊ ತಿಂದೆ. ಮೇಲಿನ ಗಟ್ಟಿ ಚಿಪ್ಪು ಕಚ್ಚಿದರೆ ಪುಡಿಪುಡಿ, ಒಳಗಿನ ಮೀನು ಸಾಸಿನಲ್ಲಿ ನೆನೆದು ಮುದ್ದೆ. ತಾಜಾ ಮೀನು ಸಿಗುವ ನಮ್ಮೂರಲ್ಲಿ ಇದಕ್ಕಿಂತ ಚೆನ್ನಾಗಿ ಮಾಡಬಹುದಲ್ಲವೇ? ಯಾವ ಮೀನು ಆದೀತು?
– ಗೃಹಿಣಿಯೊಬ್ಬರು, ಕುಂದಾಪುರ

ಉತ್ತರ: ಖಂಡಿತ ಮಾಡಬಹುದು. ಮೀನಿನ ಟಾಕೊಗೆ ಹೆಸರಾದದ್ದು ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಎನ್ಸೆನಾಡ ಬಂದರು. ಅಲ್ಲಿನ ಮೀನು ಮಾರುಕಟ್ಟೆಯ ಸುತ್ತ ಸಣ್ಣ ಅಂಗಡಿಗಳಲ್ಲಿ ಸಿಗುವ ಟಾಕೊಗೆ ಗಟ್ಟಿ ಚಿಪ್ಪೇ ಇಲ್ಲ. ಅಂಗೈಯಗಲದ ಮೆತ್ತನೆಯ ಮೆಕ್ಕೆಜೋಳದ ಟೋರ್ಟಿಯಾ, ಅದರ ಮೇಲೆ ಹಿಟ್ಟಿನಲ್ಲಿ ಅದ್ದಿ ಆಗತಾನೇ ಕರಿದ ಬಿಳಿ ಮೀನು, ಎಳೆಎಳೆಯಾಗಿ ಹೆಚ್ಚಿದ ಹಸಿ ಎಲೆಕೋಸು, ಟೊಮೆಟೊ-ಈರುಳ್ಳಿ-ಹಸಿಮೆಣಸಿನ ಸಾಲ್ಸ, ತೆಳುವಾದ ಬಿಳಿ ಸಾಸ್, ನಿಂಬೆರಸ. ಅಷ್ಟೇ.

ಇದಕ್ಕೆ ನಿಮ್ಮೂರಿನ ಕಾಣೆಗಿಂತ ಒಳ್ಳೆಯ ಮೀನು ನನಗೆ ತೋಚುವುದಿಲ್ಲ. ಬೆಳ್ಳಗಿನ ಮಾಂಸ, ಜಿಡ್ಡು ಕಡಿಮೆ, ಕರಿದಾಗ ಪದರಪದರವಾಗಿ ಬಿಡುತ್ತದೆ. ಮುಳ್ಳು ತೆಗೆಸಿ ಬೆರಳುದ್ದದ ತುಂಡು ಮಾಡಿ. ಅಂಜಲ್ ಕೂಡ ಆದೀತು, ಆದರೆ ಅಷ್ಟು ಬೆಲೆಯ ಮೀನನ್ನು ಹಿಟ್ಟಿನೊಳಗೆ ಮುಚ್ಚಿಡುವುದಕ್ಕೆ ನನಗಂತೂ ಮನಸ್ಸು ಬಾರದು. ಬಂಗುಡೆ, ಬೂತಾಯಿ ಜಿಡ್ಡಿನ ಮೀನುಗಳು. ಅವನ್ನು ಅದ್ದಿ ಕರಿಯಬೇಡಿ, ಕೆಂಡದ ಮೇಲೆ ಸುಟ್ಟು, ಮುಳ್ಳು ಬಿಡಿಸಿ ಟಾಕೊಗೆ ಹಾಕಿ. ಜೂನ್-ಜುಲೈನಲ್ಲಿ ದೋಣಿಗಳು ಕಡಲಿಗಿಳಿಯದಿದ್ದಾಗ ಫ್ರೀಜರ್ ಮೀನೇ ಗತಿ. ಅದನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಕರಗಿಸಿ, ಬಟ್ಟೆಯಿಂದ ಒತ್ತಿ ಒರೆಸಿ. ನೀರಿನ ಪಸೆ ಉಳಿದರೆ ಹಿಟ್ಟು ಹಿಡಿಯುವುದಿಲ್ಲ.

ಅದ್ದುವ ಹಿಟ್ಟಿಗೆ ಒಂದು ಕಪ್ ಮೈದಾ, ಅರ್ಧ ಚಮಚ ಬೇಕಿಂಗ್ ಪೌಡರ್, ಉಪ್ಪು, ಚಿಟಿಕೆ ಸಾಸಿವೆ ಪುಡಿ, ಒರೆಗಾನೊ. ಎನ್ಸೆನಾಡದಲ್ಲಿ ಬಿಯರ್ ಹಾಕಿ ಕಲೆಸುತ್ತಾರೆ. ಮನೆಯಲ್ಲಿ ಬೇಡವೆಂದರೆ ತಣ್ಣನೆಯ ಸೋಡಾ ಸಾಕು, ಬೇಕಾದದ್ದು ಅದರ ಗುಳ್ಳೆ ಮತ್ತು ತಂಪು. ಬಜ್ಜಿ ಹಿಟ್ಟಿಗಿಂತ ತುಸು ತೆಳ್ಳಗಿರಲಿ, ಗಂಟು ಒಂದೆರಡು ಉಳಿದರೂ ಚಿಂತೆಯಿಲ್ಲ. ಹೆಚ್ಚು ಕಲೆಸಿದಷ್ಟೂ ಮೈದಾ ಅಂಟಾಗಿ, ಕರಿದ ಪೊರೆ ತೊಗಲಿನಂತೆ ಜಿಗುಟಾಗುತ್ತದೆ. ತುಂಡುಗಳನ್ನು ಮೊದಲು ಒಣ ಮೈದಾದಲ್ಲಿ ಹೊರಳಿಸಿ, ಆಮೇಲೆ ಅದ್ದಿ, 180 ಡಿಗ್ರಿ ಸೆಲ್ಸಿಯಸ್ ಎಣ್ಣೆಗೆ ಬಿಡಿ. ಕರಿಯುವ ಮುಂಚೆಯೇ ಉಳಿದೆಲ್ಲ ಸಿದ್ಧವಿರಲಿ. ಮೀನು ಬಾಣಲೆಯಿಂದ ನೇರ ಟೋರ್ಟಿಯಾಗೆ, ಅಲ್ಲಿಂದ ಕೈಗೆ ಹೋಗಬೇಕು.

ಪ್ರಶ್ನೆ: ನಮ್ಮ ಹೊಲದ ಮೆಕ್ಕೆಜೋಳವನ್ನೇ ಗಿರಣಿಗೆ ಹಾಕಿಸಿ ಟಾಕೊಗೆ ರೊಟ್ಟಿ ಮಾಡಿದೆ. ಮಡಚಿದ ತಕ್ಷಣ ನಡುವೆ ಸೀಳುತ್ತದೆ. ಮೈದಾ ಬೆರೆಸಲೇ?
– ರೈತ ಮಹಿಳೆ, ದಾವಣಗೆರೆ ಜಿಲ್ಲೆ

ಉತ್ತರ: ಬೇಡ. ನಿಮ್ಮ ಕಾಳಿಗೆ ಬೇಕಾದದ್ದು ಸುಣ್ಣ. ಮೆಕ್ಸಿಕೊದ ಜನ ಸಾವಿರಾರು ವರ್ಷಗಳಿಂದ ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ತೊಳೆದು, ಹಸಿಯಾಗಿಯೇ ರುಬ್ಬುತ್ತಾರೆ. ಸುಣ್ಣ ಕಾಳಿನ ಸಿಪ್ಪೆಯನ್ನು ಕರಗಿಸಿ ಅಂಟಿನಂತೆ ಮಾಡುತ್ತದೆ, ಹಿಟ್ಟು ಒಂದಕ್ಕೊಂದು ಹಿಡಿಯುತ್ತದೆ. ಜೊತೆಗೆ, ಕಾಳಿನಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಬಿ ಜೀವಸತ್ವ ಮೈಗೆ ದಕ್ಕುವಂತಾಗುತ್ತದೆ. ಯುರೋಪಿಗೆ ಮೆಕ್ಕೆಜೋಳ ಹೋಯಿತು, ಈ ಪದ್ಧತಿ ಹೋಗಲಿಲ್ಲ. ಹೊತ್ತುಹೊತ್ತಿಗೂ ಅದನ್ನೇ ತಿಂದ ಬಡವರು ಪೆಲಾಗ್ರ ಎಂಬ ಕಾಯಿಲೆಗೆ ತುತ್ತಾದರು. ಮೆಕ್ಸಿಕೊದ ಆ ಅಡುಗೆಮನೆಗಳ ತಿಳಿವಿಗೆ ನನಗೆ ಅಪಾರ ಗೌರವ.

ಅರ್ಧ ಕಿಲೊ ಒಣ ಕಾಳಿಗೆ ಒಂದೂವರೆ ಲೀಟರ್ ನೀರು, 5 ಗ್ರಾಂ ತಿನ್ನುವ ಸುಣ್ಣದ ಪುಡಿ. ಎಲೆ-ಅಡಿಕೆಯ ಬಿಳಿ ಸುಣ್ಣ ನೀರು ಸೇರಿದ ಮುದ್ದೆಯಾದ್ದರಿಂದ ಅದಾದರೆ 10 ಗ್ರಾಂ. ಗೋಡೆಗೆ ಬಳಿಯುವ ಸುಣ್ಣ ಸಲ್ಲದು, ಅಲ್ಯುಮಿನಿಯಂ ಪಾತ್ರೆಯೂ ಸಲ್ಲದು. ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರುವವರೆಗೆ, ಅಂದರೆ ಸುಮಾರು ಮುಕ್ಕಾಲು ಗಂಟೆ, ಸಣ್ಣ ಉರಿಯಲ್ಲಿ ಬೇಯಲಿ. ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಚೆನ್ನಾಗಿ ತೊಳೆದು, ನೀರನ್ನು ಚಿಮುಕಿಸಿದಷ್ಟೇ ಹಾಕಿ ನುಣ್ಣಗೆ ರುಬ್ಬಿ. ನಿಂಬೆಗಾತ್ರದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಚಪ್ಪಟೆ ತಟ್ಟೆಯಿಂದ ಒತ್ತಿ, ಚೆನ್ನಾಗಿ ಕಾದ ಹಂಚಿನ ಮೇಲೆ ಎರಡೂ ಬದಿ ಬೇಯಿಸಿ. ಬೆಂದದ್ದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡುವುದನ್ನು ತಪ್ಪಿಸಬೇಡಿ, ಆ ಹಬೆಯಲ್ಲೇ ಅದು ಮಡಚಲು ಬರುವಷ್ಟು ಮೆದುವಾಗುವುದು.

ಪ್ರಶ್ನೆ: ಬಿಳಿ ಸಾಸಿಗೆ ಮೊಸರು ಹಾಕುತ್ತಾರಂತೆ. ಮೀನಿನ ಜೊತೆ ಮೊಸರು ತಿಂದರೆ ತೊನ್ನು ಬರುತ್ತದೆ ಎಂದು ಅತ್ತೆ ತಡೆಯುತ್ತಾರೆ.
– ಓದುಗರು, ಮೈಸೂರು

ಉತ್ತರ: ತೊನ್ನು ಊಟದ ಜೋಡಿಯಿಂದ ಬರುವಂಥದ್ದಲ್ಲ. ಮೈಬಣ್ಣ ತಯಾರಿಸುವ ಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾಳಿ ಮಾಡಿದಾಗ ಬರುತ್ತದೆ. ಆದರೆ ಮೀನೂಟದ ನಂತರ ಮೈಯೆಲ್ಲ ಕೆಂಪೇರಿ ತುರಿಸುವುದುಂಟು. ಮಂಜುಗಡ್ಡೆಯಿಲ್ಲದೆ ಇಟ್ಟ ಬಂಗುಡೆಯಂಥ ಮೀನಿನಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಬೇಯಿಸಿದರೂ ಅದು ಹೋಗದು. ಮೊಸರಿನ ತಲೆಗೆ ಕಟ್ಟಿದ ಎಷ್ಟೋ ಅಪವಾದ ಹಳಸಿದ ಮೀನಿಗೆ ಸೇರಬೇಕಾದದ್ದು. ಅತ್ತೆಯವರ ಮನಸ್ಸಿಗೆ ಒಪ್ಪದಿದ್ದರೆ ಒತ್ತಾಯ ಬೇಡ. ಮೇಯನೇಸಿಗೆ ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಚೂರು ನೀರು ಬೆರೆಸಿದರೂ ಸಾಸ್ ಚೆನ್ನಾಗಿರುತ್ತದೆ.

ಪ್ರಶ್ನೆ: ನಾನು ಮಾಡುವ ಸಿಗಡಿ ಟಾಕೊದಲ್ಲಿ ಸಿಗಡಿ ರಬ್ಬರಾಗುತ್ತದೆ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಒಲೆಯ ಮೇಲೆ ಹೆಚ್ಚು ಹೊತ್ತು ಬಿಡುತ್ತಿದ್ದೀರಿ. ಸಿನಲೋವಾ ರಾಜ್ಯದ ‘ಟಾಕೊ ಗೊಬೆರ್ನದೋರ್’ ಮಾಡಿ ನೋಡಿ, ಅದು ಸಿಗಡಿ, ಮೆಣಸಿನಕಾಯಿ, ಚೀಸ್ ಸೇರಿದ್ದು. ಪೊಬ್ಲಾನೊ ಮೆಣಸಿನಕಾಯಿ ಸಿಗದಿದ್ದರೆ ದಪ್ಪ ಬಜ್ಜಿ ಮೆಣಸಿನಕಾಯಿಯನ್ನು ಉರಿಯಲ್ಲಿ ಸುಟ್ಟು ಸಿಪ್ಪೆ ತೆಗೆದು ಹೆಚ್ಚಿ. ಈರುಳ್ಳಿ, ಟೊಮೆಟೊ, ಮೆಣಸಿನಕಾಯಿಯನ್ನು ಬೆಣ್ಣೆಯಲ್ಲಿ ನೀರಾರುವವರೆಗೆ ಹುರಿದು, ತುಂಡರಿಸಿದ ಸಿಗಡಿಯನ್ನು ಕೊನೆಗೆ ಹಾಕಿ, ಬಣ್ಣ ತಿರುಗಿದೊಡನೆ ಇಳಿಸಿ. ಹಂಚಿನ ಮೇಲಿನ ಟೋರ್ಟಿಯಾಗೆ ಚೀಸ್ ಉದುರಿಸಿ, ಇದನ್ನು ಹರಡಿ, ಮಡಚಿ ಎರಡೂ ಬದಿ ಕೆಂಪಗೆ ಕಾಯಿಸಿ.

ಪ್ರಶ್ನೆ: ನಿಂಬೆರಸದಲ್ಲಿ ನೆನೆಸಿದರೆ ಹಸಿ ಸಿಗಡಿ ಬೆಂದಂತೆಯೇ ಅಲ್ಲವೇ?
– ವಿದ್ಯಾರ್ಥಿ, ಕಾರವಾರ

ಉತ್ತರ: ಅಲ್ಲ. ಹುಳಿಗೆ ಮಾಂಸ ಬೆಳ್ಳಗಾಗಿ ಗಟ್ಟಿಯಾಗುತ್ತದೆ, ಆದರೆ ಅದರಲ್ಲಿರುವ ರೋಗಾಣುಗಳೆಲ್ಲ ಸಾಯುವುದಿಲ್ಲ. ನಮ್ಮ ಸೆಕೆಯಲ್ಲಿ, ಬುಟ್ಟಿಯಲ್ಲಿ ಬಂದ ಸಿಗಡಿಯನ್ನು ಹಾಗೆ ತಿನ್ನಲೇಬೇಡಿ. ಕುದಿಯುವ ಉಪ್ಪುನೀರಿಗೆ ಹಾಕಿ ಒಳಗೂ ಬೆಳ್ಳಗಾಗುವವರೆಗೆ, ಅಂದರೆ ಎರಡು ಮೂರು ನಿಮಿಷ, ಬೇಯಿಸಿ ಐಸ್ ನೀರಿಗೆ ಇಳಿಸಿ. ಆಮೇಲೆ ನಿಂಬೆರಸ, ಈರುಳ್ಳಿ, ಸೌತೆಕಾಯಿ, ಹಸಿಮೆಣಸು ಬೆರೆಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.