ಗೋಡೆಯೊಳಗಿನ ಸಂಗತಿ ಯಾರು ನೋಡಬೇಕು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಓದುಗರೊಬ್ಬರ ತಮ್ಮ ವಿಚಾರಣಾಧೀನ ಕೈದಿ. ಅವನನ್ನು ದೂರದ ಕೇಂದ್ರ ಕಾರಾಗೃಹಕ್ಕೆ ಸಾಗಿಸಿದ್ದಾರೆ. ಭೇಟಿಗೆ ಹೋದಾಗ ಅವನ ತೋಳಿನ ಮೇಲೆ ಬಾಸುಂಡೆ ಕಂಡಿವೆ. ಜೈಲಿನವರನ್ನು ಬಿಟ್ಟು ಒಳಗೆ ನೋಡುವವರು ಬೇರೆ ಯಾರಾದರೂ ಇದ್ದಾರೆಯೇ ಎಂಬುದು ಅಕ್ಕನ ಪ್ರಶ್ನೆ.

ಇದ್ದಾರೆ. ತಾವಾಗಿಯೇ ಬರುವುದು ಮಾತ್ರ ಅಪರೂಪ.

ತಿಹಾರ್ ಜೈಲಿನ ಸುನಿಲ್ ಬಾತ್ರಾ ಸಹಕೈದಿಗಾದ ಹಿಂಸೆ ಕುರಿತು ಬರೆದ ಕಾಗದವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿತ್ತು. ಜಿಲ್ಲಾ ನ್ಯಾಯಾಧೀಶರು ಜೈಲುಗಳಿಗೆ ಭೇಟಿ ಕೊಡಬೇಕು, ಒಳಗೆ ದೂರು ಪೆಟ್ಟಿಗೆ ಇರಬೇಕು ಎಂದು 1979ರ ಆ ತೀರ್ಪು ಹೇಳಿತು. ಹೊರಗಿನ ಕಣ್ಣು ಏಕೆ ಬೇಕು ಎನ್ನುವವರು ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲನ್ನು ನೆನೆಯಲಿ: ಅಲ್ಲಿ ಕೆಲವು ಕೈದಿಗಳಿಗೆ ಸಿಗುತ್ತಿದ್ದವೆನ್ನಲಾದ ವಿಶೇಷ ಸವಲತ್ತುಗಳ ಬಗ್ಗೆ 2017ರಲ್ಲಿ ವರದಿ ಕೊಟ್ಟ ಕಾರಾಗೃಹ ಡಿಐಜಿ ಡಿ. ರೂಪಾ ಅವರಿಗೆ ಕೆಲವೇ ದಿನಗಳಲ್ಲಿ ವರ್ಗವಾಯಿತು. ಒಳಗಿನ ಅಧಿಕಾರಿಯ ಪಾಡೇ ಹೀಗಾದರೆ ಕೈದಿಯ ಅಕ್ಕ ಅಂಜುವುದು ಸಹಜ.

ಆದರೂ ತಡ ಮಾಡಬಾರದು. ಬಾಸುಂಡೆ ಬೇಗ ಮಾಯುತ್ತವೆ. ಪ್ರಕರಣ ನಡೆಯುತ್ತಿರುವ ಹಾವೇರಿ ನ್ಯಾಯಾಲಯಕ್ಕೆ ವಕೀಲರ ಮೂಲಕ ಅರ್ಜಿ ಕೊಟ್ಟು, ವೈದ್ಯಕೀಯ ತಪಾಸಣೆಗೆ ಆದೇಶ ಕೇಳುವುದು ಮೊದಲ ಕೆಲಸ. ವಕೀಲರಿಗೆ ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿದೆ. ಬ್ಯಾಡಗಿ ಅಥವಾ ರಾಣೆಬೆನ್ನೂರಿನ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಬಹುದು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೂ ಆದೀತು.

ಜೊತೆಗೆ, ಕಂಡದ್ದನ್ನು ದಿನಾಂಕ ಸಮೇತ ಬರೆದು ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕಳಿಸಿ, ಪ್ರತಿ ಇಟ್ಟುಕೊಳ್ಳಲಿ. ಜೈಲಿಗೆ ಭೇಟಿ ನೀಡಿ ಪರಿಸ್ಥಿತಿ ನೋಡುವ ಅಧಿಕಾರ ಆಯೋಗಕ್ಕೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಿಂದಲೇ ಬಂದಿದೆ. ಆದರೆ ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ.